ತಿಳಿದು ಕೊಟ್ಟ ಒಪ್ಪಿಗೆ: ಮಾನಸಿಕ ಆರೋಗ್ಯ ಕಾಯಿದೆಯ ಒಂದು ವಿಮರ್ಶೆ

ಒಪ್ಪಿಗೆಯೆಂದರೇನೆಂಬುದನ್ನು ವರ್ತಕರಿಗೆ 1872ರ ಭಾರತೀಯ ಕರಾರು ಕಾಯಿದೆ ಬಹುಕಾಲದಿಂದ ಕಲಿಸುತ್ತ ಬಂದಿದೆ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರಷ್ಟೇ ಅದು ಸಮ್ಮತಿ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆಗಳಿಂದ ಪಡೆದದ್ದು ಮುಕ್ತ ಸಮ್ಮತಿಯಲ್ಲ. ಚಿತ್ತಸ್ವಾಸ್ಥ್ಯ ತಪ್ಪಿದವನೂ ಸ್ವಸ್ಥನಾಗಿರುವ ಅವಧಿಯಲ್ಲಿ ಕರಾರು ಮಾಡಬಲ್ಲನೆಂದು ಅದರ 12ನೆಯ ಕಲಂ ಹೇಳುತ್ತದೆ. ಒಂದು ಮೂಟೆ ಮೆಣಸಿನ ಮಾರಾಟಕ್ಕೆ ಅಂದೇ ಸಂದ ಈ ಮರ್ಯಾದೆ, ಮನೋರೋಗಿಯ ಚಿಕಿತ್ಸೆಗೆ ಶಾಸನದಲ್ಲಿ ಸ್ಪಷ್ಟವಾಗಿ ಸಲ್ಲಲು 2017ರವರೆಗೆ ಕಾಯಬೇಕಾಯಿತು.

1912ರ ಕಾಯಿದೆಯ ಮುಖ್ಯ ಕಾಳಜಿ ರೋಗಿಯನ್ನು ಕೂಡಿಹಾಕುವುದಾಗಿತ್ತು. 1987ರ ಕಾಯಿದೆ ಅದನ್ನು ಬದಲಿಸಿತಾದರೂ ರೋಗಿಯ ಮಾತಿಗೆ ಹೆಚ್ಚಿನ ಎಡೆ ಕೊಡಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳು ಓಡಲಾರದೆ ಬೆಂದುಹೋದರು. ಆ ಸರಪಳಿಗಳನ್ನು ಹಾಕಿಸಿದವರಲ್ಲಿ ಅನೇಕರು ರೋಗಿಯ ಒಳಿತನ್ನೇ ಬಯಸಿದವರು ಎಂಬುದು ಮರೆಯಬಾರದ ಸಂಗತಿ.

2018ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯ ಗುಣಗಳು ಹಲವು. ಚಿಕಿತ್ಸೆಯ ಲಾಭ, ಅಪಾಯ, ಪರ್ಯಾಯಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ರೋಗಿಯ ನಿರ್ಧಾರ ಇತರರಿಗೆ ತಪ್ಪೆಂದು ತೋರಿದ ಮಾತ್ರಕ್ಕೆ ಅವನಿಗೆ ನಿರ್ಧರಿಸುವ ಸಾಮರ್ಥ್ಯವಿಲ್ಲವೆನ್ನುವಂತಿಲ್ಲ. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡವೆಂದು ವಯಸ್ಕರು ಮೊದಲೇ ಬರೆದಿಡಬಹುದು. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ನೀಡುವುದೂ ಸರಪಳಿ ಬಿಗಿಯುವುದೂ ನಿಷಿದ್ಧ.

ಆದರೂ ಕೊರತೆಯೊಂದಿದೆ. ಕಾಯಿದೆಯ ದೃಷ್ಟಿ ಆಸ್ಪತ್ರೆಯ ಮೇಲೆ ನೆಟ್ಟಿದೆ. ಮನೆಯ ಅಡಿಗೆಕೋಣೆಗೆ ಅದರ ಕೈ ಎಟುಕುವುದು ಕಷ್ಟ. ಗುಳಿಗೆಯನ್ನು ಪುಡಿಮಾಡಿ ಮಜ್ಜಿಗೆಯಲ್ಲೋ ಕಾಫಿಯಲ್ಲೋ ಬೆರೆಸಿಕೊಡುವ ರೂಢಿ ಸಜ್ಜನರ ಮನೆಗಳಲ್ಲೂ ಉಂಟು. ಅದರ ಹಿಂದೆ ಕ್ರೌರ್ಯವಿಲ್ಲ, ದಿಕ್ಕುಗಾಣದ ತಾಯಿತಂದೆಯರ ಸಂಕಟವಿದೆ. ಆದರೆ ಲಿಥಿಯಂನಂತಹ ಔಷಧಕ್ಕೆ ಆಗಾಗ ರಕ್ತಪರೀಕ್ಷೆ ಅವಶ್ಯ. ಪ್ರಮಾಣ ಮೀರಿದರೆ ಅದು ವಿಷವಾಗುತ್ತದೆ. ಕೆಲವು ನೋವಿನ ಗುಳಿಗೆಗಳು ಅದರ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ತಾನು ಏನು ಸೇವಿಸುತ್ತಿರುವೆನೆಂದು ಅರಿಯದವನು ಕೈನಡುಕವನ್ನು ಯಾರಲ್ಲಿ ಹೇಳಿಕೊಂಡಾನು? ಗುಟ್ಟು ಬಯಲಾದ ದಿನ ಅವನು ಔಷಧವನ್ನಷ್ಟೇ ಅಲ್ಲ, ತಾಯಿ ಬಡಿಸಿದ ಅನ್ನವನ್ನೂ ಶಂಕಿಸುತ್ತಾನೆ.

ಒಪ್ಪದ ರೋಗಿಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಪ್ರಾಣಾಪಾಯದಲ್ಲಿ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಲು ಅವಕಾಶವಿದೆ. ಕಠಿಣ ನಿಬಂಧನೆಗಳೊಡನೆ, ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಈ ಮಾರ್ಗಗಳು ಶ್ರಮದವು. ಆದರೆ ಪರಿಶೀಲನೆಗೆ ತೆರೆದಿರುವಂಥವು. ಬಟ್ಟಲಲ್ಲಿ ಬೆರೆಸಿದ ಪುಡಿಗೆ ಯಾವ ಪರಿಶೀಲನೆಯೂ ಇಲ್ಲ.

ಕಾಯಿದೆ ಬಿಟ್ಟ ಎಡೆಯನ್ನು ಕುಟುಂಬಗಳೇ ತುಂಬಬೇಕು. ರೋಗ ಶಮನವಾಗಿರುವ ದಿನಗಳಲ್ಲಿ ಮನೆಮಂದಿ ಕುಳಿತು, ಮತ್ತೆ ಕಾಯಿಲೆ ಮರುಕಳಿಸಿದರೆ ಏನು ಮಾಡಬೇಕೆಂದು ರೋಗಿಯನ್ನೇ ಕೇಳಿ ಬರೆದಿಡುವುದು ಕಷ್ಟದ ಕೆಲಸವಲ್ಲ. ವೈದ್ಯಕೀಯ ಶಿಬಿರ ನಡೆಸುವ ಟ್ರಸ್ಟುಗಳು ಇದನ್ನು ತಿಳಿಗನ್ನಡದಲ್ಲಿ ವಿವರಿಸಲು ಒಂದು ಗಂಟೆಯನ್ನು ಮೀಸಲಿಟ್ಟರೆ ಅದೂ ಸೇವೆಯೇ. ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಬಾರಿ ಓದುವ ಸಮಾಜ, ಮಗನ ಮನಸ್ಸಿನ ವಿಷಯದಲ್ಲಿ ಅವನನ್ನು ಒಂದು ಬಾರಿಯಾದರೂ ಕೇಳಬೇಕು.