ಹಂಪೆಯ ನೆಲ: ರೇಖೆಯಲ್ಲಿ ಮತ್ತು ಕತ್ತಲೆ ಕೋಣೆಯಲ್ಲಿ

ಛಾಯಾಚಿತ್ರವು ಇದ್ದುದನ್ನು ಇದ್ದಂತೆಯೇ ತೋರಿಸುತ್ತದೆ, ರೇಖಾಚಿತ್ರವಾದರೋ ಬರೆದವನ ಕಲ್ಪನೆಗೆ ಒಳಪಟ್ಟುದು ಎಂಬ ಭಾವನೆ ವಿದ್ಯಾವಂತರಲ್ಲಿಯೂ ರೂಢವಾಗಿದೆ. ಹಂಪೆಯ ಭೂದೃಶ್ಯವನ್ನು ಈ ಎರಡು ಮಾರ್ಗಗಳಿಂದಲೂ ಹಿಡಿದಿಟ್ಟವರ ಕೆಲಸವನ್ನು ಒಟ್ಟಿಗಿಟ್ಟು ನೋಡಿದವರಿಗೆ ಈ ಭಾವನೆಯ ದೌರ್ಬಲ್ಯ ತಿಳಿಯದಿರದು.

1799ರಲ್ಲಿ ಕಾಲಿನ್ ಮೆಕೆಂಜಿ ಹಂಪೆಗೆ ಬಂದು ಅಲ್ಲಿಯ ಅವಶೇಷಗಳ ನಕ್ಷೆಯನ್ನು ಸಿದ್ಧಪಡಿಸಿದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹೂಡಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಅದೇ ನೆಲವನ್ನು ಸೆರೆಹಿಡಿದನು. ಅದು ಸುಲಭಸಾಧ್ಯವಾದ ಕಾರ್ಯವಲ್ಲ. ಕಾಗದಕ್ಕೆ ಮೊದಲು ಮೇಣ, ಅನಂತರ ಅಯೋಡೈಡು, ಆಮೇಲೆ ಬೆಳ್ಳಿಯ ನೈಟ್ರೇಟು. ಬೆಳಕು ಕಂಡ ಕಾಗದವನ್ನು ಕತ್ತಲಲ್ಲಿ ಗ್ಯಾಲಿಕ್ ಆಮ್ಲದೊಳಗೆ ಬಹುಹೊತ್ತು ಇರಿಸಿದ ಮೇಲೆಯೇ ಬಿಂಬ ಮೂಡುತ್ತಿದ್ದಿತು. ಅದರ ಫಲವನ್ನು ನೋಡಿ: ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದ್ದಿತು. ಇಂದು ಅದಿಲ್ಲ; ಗ್ರೀನ್‌ಲಾನ ಚಿತ್ರದಲ್ಲಿ ಇನ್ನೂ ನಿಂತಿದೆ. ಮುಂದೆ ಯಾವುದು ಅಳಿಯುವುದೆಂದು ಚಿತ್ರಕಾರನಿಗೆ ತಿಳಿಯದು, ಆದುದರಿಂದ ಅವನು ಬಿಟ್ಟುಬಿಡಬಹುದು. ಬೆಳ್ಳಿಯ ಲವಣ ಎದುರಿಗಿದ್ದುದನ್ನು ಆರಿಸದೆ ಉಳಿಸಿಕೊಳ್ಳುತ್ತದೆ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ನೆಲೆಗಳಿಂದ ಮತ್ತೆ ಚಿತ್ರ ತೆಗೆದುದರಿಂದ, ಆ ನಡುವಣ ನೂರಿಪ್ಪತ್ತೇಳು ವರ್ಷಗಳ ನಷ್ಟವನ್ನು ಕಣ್ಣಾರೆ ಅಳೆಯುವುದು ಸಾಧ್ಯವಾಯಿತು.

ಹಾಗೆಂದು ಆ ಸಾಕ್ಷಿಯನ್ನು ಪ್ರಶ್ನಿಸದೆ ಒಪ್ಪಲಾಗದು. ನಿಮಿಷಗಟ್ಟಲೆ ಬೆಳಕಿಗೆ ತೆರೆದಿರಬೇಕಾದ ಆ ಕಾಗದದಲ್ಲಿ, ಅಲುಗಾಡದೆ ನಿಂತವರ ಹೊರತು, ನಡೆದಾಡುವ ಜನರಾಗಲಿ ದನಕರುಗಳಾಗಲಿ ಮೂಡುವಂತಿರಲಿಲ್ಲ. ಹರಿಯುವ ತುಂಗಭದ್ರೆಯೂ ನುಣುಪಾದ ಬಿಳಿಯ ಹಾಸಾಗುವಳು. ನೀಲಿಗೆ ಅತಿಯಾಗಿ ಸ್ಪಂದಿಸುವ ಲವಣದಿಂದಾಗಿ ಆಕಾಶ ಮುದ್ರಣದಲ್ಲಿ ಬರಿದಾಗುವುದು. ವಿರೂಪಾಕ್ಷನ ಪೂಜೆ ನಡೆಯುತ್ತಿದ್ದ ಊರು ನಿರ್ಜನ ಹಾಳೂರಿನಂತೆ ಕಾಣಿಸಿದುದರಲ್ಲಿ ಇತಿಹಾಸದ ಪಾಲೆಷ್ಟೋ ರಸಾಯನದ ಪಾಲೂ ಅಷ್ಟೇ. ಆ ಶೂನ್ಯವನ್ನೇ ಸೌಂದರ್ಯವೆಂದು ಕೊಂಡಾಡುವವರು ಇದನ್ನು ಗಮನಿಸಿದಂತಿಲ್ಲ.

ಇನ್ನು ರೇಖೆಯ ವಿಚಾರ. 1980ರಿಂದ ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಸ್ ಅವರು ಹಂಪೆಯನ್ನು ಅಳೆದು ನಕ್ಷೆ ಬರೆಯಿಸಿದರು. ಹಜಾರರಾಮ ದೇವಾಲಯದಿಂದ ನೇರ ಉತ್ತರಕ್ಕೆ ಗೆರೆ ಎಳೆದರೆ ಅದು ವೀರಭದ್ರನಿರುವ ಮಾತಂಗ ಪರ್ವತವನ್ನು ಸೇರುವುದೆಂಬ ಸಂಗತಿ ಅಲ್ಲಿ ಸ್ಪಷ್ಟವಾಯಿತು. ಗುಡಿಯ ಅಂಗಳದಲ್ಲಿ ನಿಂತು ಎಷ್ಟು ಚಿತ್ರ ತೆಗೆದರೂ ಈ ಅಳತೆ ಸಿಕ್ಕದು; ಬಂಡೆಗಳ ರಾಶಿ ಹಿನ್ನೆಲೆಯ ಅಲಂಕಾರವಲ್ಲ, ನಗರದ ವಿನ್ಯಾಸದ ಅಂಗವೇ ಆಗಿದೆಯೆಂಬುದನ್ನು ಹೇಳಿದುದು ಪೆನ್ಸಿಲ್ಲು. ಕಲ್ಪನೆಯೆಂದು ಹೀನಾಯಕ್ಕೆ ಗುರಿಯಾದ ರೇಖೆ ಇಲ್ಲಿ ಕ್ಯಾಮೆರಾಕ್ಕಿಂತ ನಿಷ್ಠುರವಾದ ಸತ್ಯವನ್ನು ನುಡಿದಿದೆ.

ಬಂಡೆಗಳ ನಡುವೆ ಹೊಸ ಕಟ್ಟಡಕ್ಕೆ ಜಾಗ ಗುರುತಿಸುವವರ ಮೇಜಿನ ಮೇಲೆ ಬಣ್ಣದ ಛಾಯಾಚಿತ್ರಗಳಷ್ಟೇ ಇದ್ದರೆ, ಆ ಉತ್ತರದ ಗೆರೆ ಅವರ ಕಣ್ಣಿಗೆ ಬೀಳುವುದು ಹೇಗೆ? ಹಂಪೆಯ ಚಿತ್ರಸಂಪುಟಗಳನ್ನು ಹೊರತರುವ ಪ್ರಕಾಶಕರು ಪ್ರತಿಯೊಂದು ಸಂಪುಟಕ್ಕೂ ಅಳತೆಯ ನಕ್ಷೆಯೊಂದನ್ನು ಮಡಿಸಿ ಸೇರಿಸುವುದು ಅವಶ್ಯ.