ಕಂಬ ತಟ್ಟುವವರಿಗೆ

ಹಂಪಿಯ ಸಂಗೀತ ಎಂದೊಡನೆ ವಿಠ್ಠಲ ಗುಡಿಯ ಕಂಬಗಳ ಮಾತೇ ಬರುತ್ತದೆ. ಕಂಬದ ಪಂಥದವರ ಜೊತೆ ನನ್ನ ಜಗಳ ಹಳೆಯದು. ಕಲ್ಲು ನುಡಿಯುತ್ತದೆ, ನಿಜ. ಆದರೆ ಇದೇ ವಿಜಯನಗರದಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ‘ಸ್ವರಮೇಲಕಲಾನಿಧಿ’ ಬರೆದ. ರಾಗ ಬದಲಾದಂತೆ ಮೆಟ್ಟು ಸರಿಸುವ ವೀಣೆ ಒಂದು, ಎಲ್ಲ ರಾಗಕ್ಕೂ ಒಂದೇ ಸಲ ಮೆಟ್ಟು ಕೂರಿಸಿದ ವೀಣೆ ಇನ್ನೊಂದು ಎಂದು ವಿಂಗಡಿಸಿದ. ಸ್ವರದ ಜಾಗವನ್ನು ಮೊದಲೇ ಗೊತ್ತುಮಾಡಿ ಬೆರಳಿಗೆ ಒಪ್ಪಿಸುವುದು. ಕೀಲಿಮಣೆ ಮಾಡುವುದೂ ಇದನ್ನೇ.

ಇದನ್ನೇ ಬಿಡಿಸಿ ಬರೆಯಬೇಕೆಂದಿದ್ದೆ. ಆದರೆ ಬುಧವಾರ ರಾತ್ರಿ ಇಂಗ್ಲೆಂಡಿನ ಥಾಮಸ್ ಟ್ಯಾಲಿಸನ ಕೀಲಿಮಣೆ ಕೃತಿ ‘ಫೆಲಿಕ್ಸ್ ನಾಮ್‌ಕ್ವೆ’ ಮತ್ತೆ ಕೇಳಿದೆ. ಮೆಟ್ಟು ಮುಂದಿನ ವಾರಕ್ಕಿರಲಿ.

ಫಿಟ್ಸ್‌ವಿಲಿಯಂ ವರ್ಜಿನಲ್ ಬುಕ್ ಎಂಬ ಕೈಬರಹದ ಸಂಪುಟದಲ್ಲಿ ಇದರ ಎರಡು ರೂಪಗಳಿವೆ. ಒಂದಕ್ಕೆ 1562, ಇನ್ನೊಂದಕ್ಕೆ 1564 ಎಂಬ ನಮೂದು. ಮೂಲದಲ್ಲಿ ಅದು ಮೇರಿ ಮಾತೆಯ ಪೂಜೆಯ ಲ್ಯಾಟಿನ್ ಹಾಡು. 1559ರ ಕಾಯ್ದೆ ಇಂಗ್ಲಿಷ್ ಪ್ರಾರ್ಥನೆಯನ್ನು ಕಡ್ಡಾಯ ಮಾಡಿದ ಮೇಲೆ ಆ ಪೂಜೆಗೆ ಇಂಗ್ಲೆಂಡಿನ ಚರ್ಚಿನಲ್ಲಿ ಜಾಗ ಉಳಿಯಲಿಲ್ಲ. ಟ್ಯಾಲಿಸ್ ಆ ಧಾಟಿಯನ್ನು ಮಾತಿಲ್ಲದೆ ಬೆರಳಿಗಿಳಿಸಿದ. ಹಳೆಯ ಸ್ವರಗಳು ಒಂದೊಂದಾಗಿ ನಿಧಾನಕ್ಕೆ ನಡೆಯುತ್ತವೆ, ಅವುಗಳ ಸುತ್ತ ಬಿರುಸಾದ ಓಟ. ವರ್ಜಿನಲ್ ಎಂಬ ವಾದ್ಯದ ಕೀಲಿ ಒತ್ತಿದರೆ ಹಕ್ಕಿಗರಿಯ ಕಡ್ಡಿ ತಂತಿಯನ್ನು ಮೀಟುತ್ತದೆ, ನಾದ ಬೇಗ ಆರುತ್ತದೆ. ಆರಿದ ಮೇಲೂ ಆ ಸ್ವರವನ್ನು ಕಿವಿಯೇ ಹಿಡಿದುಕೊಂಡಿರಬೇಕು. ನಾನು ಈ ಕೃತಿಗೆ ಸೋತಿರುವುದು ಇಲ್ಲಿಯೇ.

1564 ಪುರಂದರದಾಸರು ಹರಿಪಾದ ಸೇರಿದರೆನ್ನುವ ವರ್ಷವೂ ಹೌದು. ಮರುವರ್ಷದ ಜನವರಿಯಲ್ಲಿ ತಾಳಿಕೋಟೆ ಯುದ್ಧ. ಇಂದು ವಿಠ್ಠಲನ ಗರ್ಭಗುಡಿ ಖಾಲಿ. ಡ್ಯಾಮಿನಿಂದ ನೀರು ಬಿಟ್ಟಾಗ ದಾಸರ ಮಂಟಪ ಹೊಳೆಯಲ್ಲಿ ಮುಳುಗುತ್ತದೆ. ಕಂಬ ತಟ್ಟಲು ಬಂದವರನ್ನು ಕರೆದು ಆ ಖಾಲಿ ಗರ್ಭಗುಡಿಯ ಮುಂದೆ ಒಂದು ನಿಮಿಷ ನಿಲ್ಲಿಸಬೇಕೆನಿಸುತ್ತದೆ.

ದಾಸರು ಹಾಕಿಕೊಟ್ಟರೆಂಬ ಸರಳೆ ವರಸೆ ಮಾತ್ರ ಎಲ್ಲೂ ಹೋಗಿಲ್ಲ. ನಮ್ಮ ಓಣಿಯ ಹುಡುಗಿ ಬೆಳಗಾದರೆ ಹಾರ್ಮೋನಿಯಂ ತೆಗೆದು ಮಾಯಾಮಾಳವಗೌಳಕ್ಕೆ ಕೂರುತ್ತಾಳೆ. ಬಿಳಿ ಒಂದಕ್ಕೆ ಷಡ್ಜ. ರಿ, ಧ ಎರಡೇ ಕರಿ, ಉಳಿದದ್ದೆಲ್ಲ ಬಿಳಿ. ಮೂರನೇ ಕಾಲದಲ್ಲಿ, ರಿಯಿಂದ ಗಕ್ಕೆ ಹಾರುವ ಕಡೆ, ಬೆರಳು ತಡವರಿಸುತ್ತದೆ. ಅಡುಗೆಮನೆಯಿಂದಲೇ ಅವರಮ್ಮ ಕೂಗುತ್ತಾರೆ: “ಮತ್ತ ಮೊದ್ಲಿಂದ ಬಾರ್ಸವ್ವ.”