ಬಾಗಿದ ಉಕ್ಕಿನ ಬಲ

ಹಳೆಯ ಟ್ರೇಲರಿನ ಅಚ್ಚಿಗೂ ಚೌಕಟ್ಟಿಗೂ ನಡುವೆ ಕುಳಿತು ರಸ್ತೆಯ ಪ್ರತಿ ಹೊಡೆತವನ್ನೂ ತಾನೇ ನುಂಗಿಕೊಳ್ಳುವ ಲೀಫ್ ಸ್ಪ್ರಿಂಗು, ಅಂದರೆ ಬಿಲ್ಲಿನಂತೆ ಬಾಗಿಸಿ ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು, ಸರಳತೆಯಲ್ಲೇ ಜಾಣ್ಮೆಯನ್ನು ಅಡಗಿಸಿಕೊಂಡ ರಚನೆಯಾಗಿದೆ. ಅತಿ ಉದ್ದದ ಪಟ್ಟಿಯ ತುದಿಗಳನ್ನು ಸುರುಳಿ ಸುತ್ತಿ ಮಾಡಿದ ಕಣ್ಣುಗಳಲ್ಲಿ ಬುಷ್ ಕೂರುತ್ತದೆ. ನಡುವಿನ ಸೆಂಟರ್ ಬೋಲ್ಟು ಪಟ್ಟಿಗಳನ್ನು ಸಾಲು ತಪ್ಪದಂತೆ ಹಿಡಿದರೆ, ಯು-ಬೋಲ್ಟುಗಳು ಇಡೀ ಕಟ್ಟನ್ನು ಅಚ್ಚಿಗೆ ಬಿಗಿಯುತ್ತವೆ. ಪಟ್ಟಿಗಳ ನಡುವಣ ಘರ್ಷಣೆಯೇ ಕುಲುಕಾಟವನ್ನು ತಣಿಸುತ್ತದೆ ಎಂಬುದು ಇದರ ಸೊಗಸು. ಆದರೆ ಅದೇ ಉಜ್ಜಾಟವು ತುಕ್ಕು ಮತ್ತು ಅತಿಭಾರಗಳೊಂದಿಗೆ ಕೂಡಿ, ವರ್ಷಗಳು ಉರುಳಿದಂತೆ ಪಟ್ಟಿಗಳನ್ನು ಸವೆಸಿ ಅವುಗಳ ಬಾಗನ್ನು ಚಪ್ಪಟೆಯಾಗಿಸುತ್ತದೆ.

ದುರಸ್ತಿಯ ಕಲೆ ಮೊದಲಾಗುವುದು ಇಲ್ಲಿಂದ. ಕಟ್ಟನ್ನು ಬಿಚ್ಚಿ, ತುಕ್ಕನ್ನು ಉಜ್ಜಿ ತೆಗೆದು, ಬೋಲ್ಟಿನ ರಂಧ್ರದ ಸುತ್ತ ಬಿರುಕನ್ನು ಹುಡುಕುವ ಕುಶಲಕರ್ಮಿಯು ಸೀಳಿದ ಪಟ್ಟಿಗೆ ಬೆಸುಗೆ ಹಾಕದೆ ಅದನ್ನು ಬದಲಿಸುತ್ತಾನೆ, ಏಕೆಂದರೆ ಬೆಸುಗೆಯ ಕಾವು ಸ್ಪ್ರಿಂಗ್ ಉಕ್ಕಿನ ಹದವನ್ನು ಕೆಡಿಸುತ್ತದೆ. ಉಳಿದ ಪಟ್ಟಿಗಳನ್ನು ಸುತ್ತಿಗೆಯಿಂದ ಅಂಗುಲಂಗುಲವಾಗಿ ಬಡಿದು ಬಾಗಿಸುವಾಗ, ಕೆಳಗಿನ ಗಿಡ್ಡ ಪಟ್ಟಿಗೆ ಮೇಲಿನದಕ್ಕಿಂತ ತುಸು ಹೆಚ್ಚು ಬಾಗು ಕೊಡುವ ಅವನ ಕಣ್ಣಳತೆಯು ಮನಸಾರೆ ಮೆಚ್ಚತಕ್ಕದ್ದು. ಬಿಗಿದಾಗ ಪಟ್ಟಿಗಳು ಒಂದನ್ನೊಂದು ಅಪ್ಪಿ ಭಾರವನ್ನು ಹಂಚಿಕೊಳ್ಳುವುದು ಆ ಅಲ್ಪ ವ್ಯತ್ಯಾಸದ ಬಲದಿಂದಲೇ. ಎರಡೂ ಬದಿಗಳ ಎತ್ತರ ಸಮವಾಗಿ ಟ್ರೇಲರು ಮತ್ತೆ ನೆಟ್ಟಗೆ ನಿಂತಾಗ, ಲೋಹದ ಸ್ವಭಾವವನ್ನು ಅರಿತ ಕೈಯ ಘನತೆ ಕಣ್ಣಿಗೆ ಕಾಣುತ್ತದೆ.